ಗುತ್ತಲದ ಹಿತ್ತಿಲಿನಲ್ಲಿ ಶರದೃತುವಿನ ಬಣ್ಣ



ಶೀತದೇಶಗಳ ಶರತ್ಕಾಲದ ಚಿತ್ರಗಳನ್ನು ನಾವೆಲ್ಲರೂ ಕಂಡವರೇ. ಮೇಪಲ್ ಮರಗಳು ಕೆಂಡದ ರಾಶಿಯಂತೆ ನಿಂತಿರುತ್ತವೆ. ನಮ್ಮ ದೇಶದಲ್ಲಿಯೇ ಕಾಶ್ಮೀರದ ಚಿನಾರ್ ವೃಕ್ಷಗಳು ಅಕ್ಟೋಬರ್ ಕಳೆಯುತ್ತಲೇ ಅದೇ ವೈಭವವನ್ನು ತಾಳುತ್ತವೆ. ಅಂಥ ಬಣ್ಣವು ತಮ್ಮ ಮನೆಯಂಗಳದಲ್ಲಿಯೂ ಇರಬೇಕೆಂದು ಬಯಸುವವರು ಹಾವೇರಿ ಸೀಮೆಯ ಗುತ್ತಲದಂಥ ಬಯಲೂರಿನಲ್ಲಿಯೂ ಉಂಟು. ಬಯಕೆಯಲ್ಲಿ ದೋಷವಿಲ್ಲ. ಆದರೆ ಯಾವ ಗಿಡವೆಂದು ಕೇಳುವುದಕ್ಕೆ ಮೊದಲು, ಈ ನೆಲದಲ್ಲಿ ಬಣ್ಣವೆಂಬುದು ಯಾವ ತಿಂಗಳಲ್ಲಿ, ಎಲ್ಲಿಂದ ಬರುತ್ತದೆಂಬುದನ್ನು ಅರಿತುಕೊಳ್ಳುವುದು ಲೇಸು.

ಎಲೆಯ ಹಸುರಿಗೆ ಕಾರಣವಾದ ಪತ್ರಹರಿತ್ತು ಕರಗಿದಾಗ ಒಳಗೆ ಮೊದಲಿನಿಂದಲೂ ಇದ್ದ ಹಳದಿಯು ಹೊರಗೆ ಕಾಣುತ್ತದೆ. ಕೆಲವು ಮರಗಳಲ್ಲಿ ಅದೇ ವೇಳೆಗೆ ಕೆಂಪು ಹೊಸದಾಗಿ ಹುಟ್ಟುತ್ತದೆ. ಶೀತದೇಶಗಳಲ್ಲಿ ಇದಕ್ಕೆ ಕುಗ್ಗುವ ಹಗಲೂ ಚಳಿಯೂ ಕಾರಣ. ನಮ್ಮಲ್ಲಿ ಎಲೆಯುದುರುವುದು ಮುಖ್ಯವಾಗಿ ನೀರಿನ ಬಡತನದಿಂದ. ಆಶ್ವಯುಜ ಕಾರ್ತಿಕಗಳಲ್ಲಿ ಮಳೆ ಆಗತಾನೆ ಹಿಂದೆಗೆದಿರುತ್ತದೆ. ಮರಕ್ಕೆ ಎಲೆಯನ್ನು ಬಿಡುವ ಕಾರಣವೇ ಇಲ್ಲ. ದಿಂಡಿಗದ ಎಲೆ ತಾಮ್ರದ ಬಣ್ಣಕ್ಕೆ ತಿರುಗುವುದು ಚಳಿ ಬಲಿತ ಮೇಲೆ. ಅರಳಿಯೂ ಸಗಡೆಯೂ ಕೆಂಪು ತೋರುವುದು ಉದುರುವಾಗಲ್ಲ, ವಸಂತದ ಚಿಗುರಿನಲ್ಲಿ. ಗುತ್ತಲವನ್ನಾಳಿದ ಗುತ್ತರಸರ ಧ್ವಜದಲ್ಲಿ ವಟವೃಕ್ಷವಿತ್ತೆನ್ನುತ್ತಾರೆ. ಆ ಮರವಂತೂ ಶರತ್ತಿನಲ್ಲಿ ಕಡುಹಸುರಾಗಿಯೇ ಇರುತ್ತದೆ. ಆದುದರಿಂದ ಇಲ್ಲಿಯ ಶರದೃತುವಿನ ಬಣ್ಣವನ್ನು ಎಲೆಯಲ್ಲಿ ಅರಸದೆ ಹೂವಿನಲ್ಲಿ ಅರಸಬೇಕು. ಮುಂಗಾರು ಬೆಳೆಸಿದ ಗಿಡಗಳು ಹಸ್ತ ಚಿತ್ತೆಯ ಮಳೆಯ ಹೊತ್ತಿಗೆ ಹೂವಾಗಿ ನಿಲ್ಲುತ್ತವೆ.

ಅವುಗಳಲ್ಲಿ ನಾವು ಮೊದಲ ಮಣೆ ಹಾಕುವುದು ತಂಗಡಿಗೆ. ಹೊನ್ನಾವರಿಕೆಯೆಂದೂ ಇದಕ್ಕೆ ಹೆಸರು. ಹಾಳು ನೆಲದಲ್ಲಿ, ದಾರಿಯ ಬದಿಯಲ್ಲಿ ತಾನೇ ಬೆಳೆಯುವುದರಿಂದ ಇದನ್ನು ತೋಟದ ಗಿಡವೆಂದು ಯಾರೂ ಎಣಿಸುವುದಿಲ್ಲ. ಹೊಳೆಯುವ ಅಪ್ಪಟ ಹಳದಿಯ ಗೊಂಚಲುಗಳನ್ನು ಇಷ್ಟು ಅಲ್ಪ ನೀರಿಗೆ ಕೊಡುವ ಪೊದೆ ಮತ್ತೊಂದನ್ನು ನಾವು ಕಾಣೆವು. ದನಗಳು ಇದರ ಗೊಡವೆಗೆ ಹೋಗುವುದು ಕಡಿಮೆ. ಬೇಲಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೆ? ತೊಗಟೆ ಚರ್ಮ ಹದಮಾಡುವವರಿಗೆ ಬೇಕಾದ ವಸ್ತುವಾಗಿತ್ತು. ಬೀಜದ ಸಿಪ್ಪೆ ಗಡುಸು; ಒರಟು ಕಲ್ಲಿನ ಮೇಲೆ ತುಸು ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಮಿರಗದ ಮಳೆಗೆ ಇರಬೇಕಾದ ಸ್ಥಳದಲ್ಲಿಯೇ ಊರಬೇಕು. ತಾಯಿಬೇರು ಆಳಕ್ಕಿಳಿದ ಗಿಡವನ್ನು ಕಿತ್ತು ನೆಟ್ಟರೆ ಅದು ಬದುಕುವುದು ಕಷ್ಟ.

ಇದರ ಒಡನಾಡಿ ಅಣ್ಣೆ. ಜೋಳದ ಹೊಲದಲ್ಲಿ ಕಳೆಯೆಂದು ಕೀಳುವ ಈ ಗಿಡದ ತೆನೆಗಳು ನಸುಗೆಂಪಾಗಿ ಹುಟ್ಟಿ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತವೆ. ಎಳೆಯ ಸೊಪ್ಪು ಪಲ್ಯಕ್ಕಾಗುತ್ತದೆ. ದೀಪಾವಳಿಯ ಪಾಡ್ಯದಂದು ಸೆಗಣಿಯ ಪಾಂಡವರನ್ನಿಟ್ಟು ಪೂಜಿಸುವಾಗ ಉತ್ತರಾಣಿ ಕಡ್ಡಿಯೊಡನೆ ಇಂಥ ಹೊಲದ ಹೂಗಳನ್ನು ಸಿಕ್ಕಿಸುವ ಪದ್ಧತಿ ನಮ್ಮ ಕಡೆ ಇದೆ. ನೆರೆಯ ತೆಲಂಗಾಣದ ಹೆಣ್ಣುಮಕ್ಕಳು ಬತುಕಮ್ಮ ಹಬ್ಬದಲ್ಲಿ ಗೋಪುರದಂತೆ ಜೋಡಿಸುವುದು ಮುಖ್ಯವಾಗಿ ಈ ಎರಡನ್ನೇ: ತಂಗಡಿ ಮತ್ತು ಅಣ್ಣೆ. ಆ ರಾಜ್ಯವು ತಂಗಡಿಯನ್ನು ತನ್ನ ರಾಜ್ಯಪುಷ್ಪವೆಂದು ಮಾನ್ಯಮಾಡಿದೆ. ನಮ್ಮಲ್ಲಿಯಾದರೋ ಬದುಗಳು ಕಿರಿದಾಗಿ, ಕಳೆನಾಶಕದ ಸಿಂಪಡಣೆ ಹೆಚ್ಚಿದಂತೆಲ್ಲ ಹಬ್ಬದ ಬೆಳಗ್ಗೆ ಈ ಹೂಗಳಿಗಾಗಿ ಅಲೆಯಬೇಕಾಗುತ್ತದೆ. ಹಿತ್ತಿಲಿನ ಮೂಲೆಯಲ್ಲಿ ನಾಲ್ಕು ಮೊಳದ ಪಾತಿಯೊಂದನ್ನು ಇವಕ್ಕೆ ಬಿಟ್ಟರೆ ಬಣ್ಣದ ಜೊತೆಗೆ ಒಂದು ಆಚರಣೆಯೂ ಉಳಿದೀತು.

ಎಲೆಯ ಬಣ್ಣಬದಲಾವಣೆಯನ್ನೇ ಹಂಬಲಿಸುವವರಿಗೆ ಅದರ ಸೊಗಸನ್ನು ಹೂವಿನಲ್ಲಿ ತೋರಿಸುವ ಬಳ್ಳಿ ಅಗ್ನಿಶಿಖೆ, ಗೌರಿ ಹೂವು. ಇದರ ದಳಗಳು ಹಸುರುಹಳದಿಯಾಗಿ ಬಿರಿದು, ದಿನದಿಂದ ದಿನಕ್ಕೆ ಕಿತ್ತಳೆಯಾಗಿ, ಕೊನೆಗೆ ರಕ್ತವರ್ಣವಾಗುತ್ತವೆ. ಮೇಪಲ್ ಎಲೆಯ ಪಯಣವೆಲ್ಲ ಒಂದು ವಾರದೊಳಗೆ ಒಂದೇ ಹೂವಿನಲ್ಲಿ. ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಬಳ್ಳಿಯ ಸರ್ವಾಂಗವೂ ವಿಷ. ಗಡ್ಡೆ ಬೀಜಗಳಲ್ಲಿ ಕಾಲ್ಚಿಸಿನ್ ಎಂಬ ವಿಷವು ಪ್ರಾಣಾಪಾಯವಾಗುವಷ್ಟಿರುತ್ತದೆ. ಗಡ್ಡೆಯನ್ನು ಗೆಣಸೆಂದು ತಿಂದು ಸತ್ತವರುಂಟು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಬೇಡವೇ ಬೇಡ. ಗೆಣಸು ಹಾಕುವ ಪಾತಿಯ ಬಳಿಯಲ್ಲಂತೂ ಯಾವ ಮನೆಯಲ್ಲಿಯೂ ಕೂಡದು.

ಅಂಥವರು ಪಾರಿಜಾತವನ್ನು ಆರಿಸಿಕೊಳ್ಳಲಿ. ಹಗಲಿಗೆ ಮರದಲ್ಲಿ ಬಣ್ಣವಿಲ್ಲ, ಬೆಳಗಿನ ನೆಲದಲ್ಲಿದೆ. ಬಿಳಿಯ ದಳ, ಕೇಸರಿಯ ತೊಟ್ಟು. ಆ ತೊಟ್ಟಿನಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಮಸಾರಿ ಮಣ್ಣಿನಲ್ಲಿ ಇದು ಸುಲಭವಾಗಿ ಬರುತ್ತದೆ. ಎರೆ ಭೂಮಿಯವರು ನೀರು ನಿಲ್ಲದಂತೆ ಮೊಳದೆತ್ತರದ ದಿಬ್ಬ ಮಾಡಿ, ಮಸಾರಿ ಮಣ್ಣು ಬೆರೆಸಿ ನೆಡಬೇಕು. ನೆರಳು ಬೀಳುವ ಕಡೆಗೆ ಕನಕಾಂಬರವಿದೆ. ಒಣ ಬೇಲಿಗೆ ಬಂದರಿಕೆಯಿದೆ, ಅದರ ರೆಕ್ಕೆಗಾಯಿಗಳು ಕೆಂಪೇರಿ ಹೂವೆಂಬ ಭ್ರಮೆ ಹುಟ್ಟಿಸುತ್ತವೆ.

ಹಾಗಾದರೆ ಚೆಂಡು ಹೂವನ್ನೂ ಸೇವಂತಿಗೆಯನ್ನೂ ಪರದೇಶಿಯೆಂದು ಕಿತ್ತೊಗೆಯಬೇಕೆ ಎಂದು ಕೇಳುವವರಿದ್ದಾರೆ. ಒಂದು ಮೆಕ್ಸಿಕೋದ್ದು, ಇನ್ನೊಂದು ಚೀನದ್ದು, ನಿಜ. ಅಷ್ಟು ಕಟ್ಟುನಿಟ್ಟು ನಮಗೆ ಸಮ್ಮತವಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಮೆರಿಕವೇ. ಅದರ ಕೆಂಪನ್ನು ಈ ಸೀಮೆಯಿಂದ ಬೇರ್ಪಡಿಸುವ ಧೈರ್ಯ ಯಾರಿಗಿದೆ? ಹೇಳಿದಲ್ಲಿ ನಿಲ್ಲುವ ಅತಿಥಿ ಬೇರೆ, ಮನೆಯನ್ನೇ ನುಂಗುವ ಅತಿಥಿ ಬೇರೆ. ಅಮೆರಿಕದಿಂದಲೇ ಬಂದ ಲಂಟಾನ ಎರಡನೆಯ ಜಾತಿಗೆ ಸೇರಿದ್ದು. ಅದರ ಹೂವಿನ ಬಣ್ಣಕ್ಕೆ ಮರುಳಾಗಿ ಬೇಲಿಗೆ ಹಚ್ಚಿದರೆ ಹಕ್ಕಿಗಳು ಬೀಜವನ್ನು ಗೋಮಾಳಕ್ಕೆಲ್ಲ ಹರಡುತ್ತವೆ; ಎಲೆ ತಿಂದ ದನ ಕಾಯಿಲೆ ಬೀಳುತ್ತದೆ.

ಈ ವರ್ಷವೇ ತೊಡಗಬೇಕೆನ್ನುವವರು ದೀಪಾವಳಿ ಕಳೆದ ಮೇಲೆ ಒಣಗಿದ ಅಣ್ಣೆಯ ತೆನೆಗಳನ್ನು ಬಿಳಿಯ ಬಟ್ಟೆಯ ಮೇಲೆ ಕೊಡವಿದರೆ ಸಾಸಿವೆಗಿಂತ ಸಣ್ಣನೆಯ, ಕಪ್ಪಾಗಿ ಮಿನುಗುವ ಬೀಜಗಳು ಉದುರುತ್ತವೆ. ತಂಗಡಿಯ ಕಾಯಿಗಳು ಕಂದುಬಣ್ಣಕ್ಕೆ ತಿರುಗಿದ ಮೇಲೆ ಕೊಯ್ಯಬೇಕು. ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ ತೇವ ತಾಗದಂತೆ ಇಟ್ಟರೆ ಬರುವ ಮಿರಗದವರೆಗೆ ಕೆಡುವುದಿಲ್ಲ.