‘ಹರಡಿದೆ’ ಅಂದರೆ ಏನು?

(ದಿಬ್ಬೂರಹಳ್ಳಿಯ ಅಕ್ಕಂದಿರ ಮುಂದೆ ಆಡಿದ ಮಾತು)



ಹೊಲದ ಕೆಲಸ, ಹುಳುವಿನ ಕೆಲಸ ಮುಗಿಸಿ ಬಂದಿದ್ದೀರಿ. ನಮ್ಮ ಮನೆಯ ಕತೆಯಿಂದಲೇ ಶುರು ಮಾಡ್ತೀನಿ.

ನಮ್ಮ ಅತ್ತೆಯ ಎದೆಯಲ್ಲಿ ಒಂದು ಗಂಟು ಬಂತು. ಅವರೆಕಾಳಿನಷ್ಟು. ನೋವಿರಲಿಲ್ಲ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಹುಳು ನಾಲ್ಕನೇ ಜ್ವರದಲ್ಲಿದೆ, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿದ ಮೇಲೆ ನೋಡೋಣ ಅಂದುಕೊಂಡರು. ಆ ಬೆಳೆ ಹೋಯಿತು, ಇನ್ನೊಂದು ಬೆಳೆ ಬಂತು. ಗಂಟು ನಿಂಬೆಹಣ್ಣಿನಷ್ಟಾಯಿತು. ಬೆಂಗಳೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು, ‘ಕ್ಯಾನ್ಸರ್. ಹರಡಿದೆ’ ಅಂದರು.

ಹರಡಿದೆ ಅನ್ನೋ ಮಾತು ನಮಗಿಂತ ಮುಂಚೆ ಊರು ಸೇರಿತು. ಅಂಟುರೋಗ ಅಂತ ಅತ್ತೆಯ ತಟ್ಟೆ, ಲೋಟ ಬೇರೆ ಇಟ್ಟರು. ಮೊಮ್ಮಗುವನ್ನು ಹತ್ತಿರ ಬಿಡಲಿಲ್ಲ. ಬಿಡದವಳು ನಾನೇ. ಆಮೇಲೆ ಒಬ್ಬ ನರ್ಸಮ್ಮ ಬೈದು ತಿಳಿ ಹೇಳಿದರು. ಮಗುವನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿದೆ. ಅಷ್ಟು ಹೊತ್ತಿಗೆ ಅದನ್ನು ಎತ್ತಿಕೊಳ್ಳೋ ಶಕ್ತಿ ಅವರಿಗಿರಲಿಲ್ಲ.

ಎದೆಯ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹರಡೋದಿಲ್ಲ. ಊಟ, ಬಟ್ಟೆ, ಮುತ್ತು, ಯಾವುದರಿಂದಲೂ ಬರೋದಿಲ್ಲ. ಹರಡೋದು ಆ ರೋಗಿಯ ಮೈಯೊಳಗೇ. ಎದೆಯಿಂದ ಮೂಳೆಗೆ, ಶ್ವಾಸಕೋಶಕ್ಕೆ, ಈಲಿಗೆ.

ಹೇಗೆ ಹರಡುತ್ತೆ? ಇದನ್ನು ಹುಡುಕುತ್ತಿರುವ ಒಬ್ಬ ಹೆಣ್ಣುಮಗಳು ಬೆಂಗಳೂರಿನಲ್ಲಿ ಇದ್ದಾರೆ. ಹೆಸರು ಅನ್ನಪೂರ್ಣಿ ರಂಗರಾಜನ್. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅದೇ. ಮೊದಲು ಅವರು ಅಮೆರಿಕದಲ್ಲಿ ರಾಬರ್ಟ್ ವೈನ್‌ಬರ್ಗ್ ಅನ್ನೋ ದೊಡ್ಡ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಇಲಿಯ ಜೀವಕೋಶ ಸುಲಭವಾಗಿ ಕೆಟ್ಟು ಕ್ಯಾನ್ಸರ್ ಆಗುತ್ತೆ, ಮನುಷ್ಯರದ್ದು ಅಷ್ಟು ಸುಲಭಕ್ಕೆ ಕೆಡೋದಿಲ್ಲ ಅಂತ 2004ರಲ್ಲಿ ತೋರಿಸಿದರು.

ಜೀವಕೋಶ ಅಂದರೆ ನಮ್ಮ ಮೈ ಕಟ್ಟಿರುವ ಸಣ್ಣ ಸಣ್ಣ ಇಟ್ಟಿಗೆ. ಬರಿಗಣ್ಣಿಗೆ ಕಾಣದು. ಒಂದಕ್ಕೊಂದು ಅಂಟಿಕೊಂಡಿರುತ್ತೆ. ಅಂಟು ಬಿಟ್ಟರೆ ಸಾಯುತ್ತೆ, ಕಿತ್ತು ಬಿಸಾಕಿದ ರಾಗಿ ಪೈರಿನ ಹಾಗೆ. ಆದರೆ ಗರಿಕೆ? ಕಿತ್ತು ಬದುವಿನ ಮೇಲೆ ಹಾಕಿದರೂ ಮಳೆ ಬಿದ್ದರೆ ಚಿಗುರುತ್ತೆ. ಕ್ಯಾನ್ಸರ್ ಕೋಶಗಳಲ್ಲಿ ಕೆಲವು ಗರಿಕೆಯಂಥವು. ಗಂಟಿನಿಂದ ಕಳಚಿ, ರಕ್ತದಲ್ಲಿ ತೇಲಿಕೊಂಡು ಹೋಗಿ, ಬೇರೆ ಕಡೆ ಬೇರು ಬಿಡುತ್ತವೆ.

ತೇಲುವಾಗ ಅವು ಯಾಕೆ ಸಾಯೋದಿಲ್ಲ? ಅನ್ನಪೂರ್ಣಿ ಅವರ ತಂಡ ಕೋಶಗಳನ್ನು ಅಂಟಿಕೊಳ್ಳೋಕೆ ಬಿಡದೆ ತೇಲಿಸಿ ನೋಡಿತು. ಮನೆಯಲ್ಲಿ ರಾಗಿ ಮುಗಿಯುತ್ತಾ ಬಂದರೆ ನಾವೇನು ಮಾಡ್ತೀವಿ? ಖರ್ಚು ಹಿಡಿದು, ಇದ್ದದ್ದರಲ್ಲೇ ಕಾಲ ತಳ್ತೀವಿ. ಕೋಶದಲ್ಲೂ ಅಂಥ ಒಂದು ಸ್ವಿಚ್ಚು ಇದೆ. ಅದಕ್ಕೆ ಎ.ಎಂ.ಪಿ.ಕೆ. ಅಂತಾರೆ. ಅದು ನಮ್ಮೆಲ್ಲರ ಮೈಯಲ್ಲೂ ಇದೆ, ಹಸಿವಿನಲ್ಲಿ ಕಾಯುತ್ತೆ. ತೇಲುವ ಕ್ಯಾನ್ಸರ್ ಕೋಶ ಅದೇ ಸ್ವಿಚ್ಚು ಹಾಕಿಕೊಂಡು ಉಳಿಯುತ್ತೆ ಅಂತ 2014ರಲ್ಲಿ ಗೊತ್ತುಮಾಡಿದರು. ಸ್ವಿಚ್ಚು ಆರಿಸಿದಾಗ ತೇಲುವ ಕೋಶಗಳು ಕಡಿಮೆಯಾದವು. ಕಾಯೋ ಕೈಯೇ ಕಳ್ಳನಿಗೂ ಬಾಗಿಲು ತೆಗೆದ ಹಾಗೆ ನೋಡಿ!

ಇನ್ನು ಔಷಧಿ. ಮೊದಲು ಕೆಲಸ ಮಾಡಿದ ಔಷಧಿ ಎಷ್ಟೋ ಸಲ ಆಮೇಲೆ ನಾಟೋದಿಲ್ಲ. ಟೊಮೆಟೊ ಹುಳಕ್ಕೆ ಒಂದೇ ಔಷಧಿ ಹೊಡೆದು ಹೊಡೆದು ಸೋತಿದ್ದೀವಲ್ಲ, ಹಾಗೆ. ಕೆಲವು ಕೋಶಗಳಿಗೆ ಪಂಪು ಇರುತ್ತೆ. ಒಳಗೆ ಬಂದ ಔಷಧಿಯನ್ನು ಎತ್ತಿ ಹೊರಗೆ ಚೆಲ್ಲುತ್ತವೆ. ಎದೆಯ ಕ್ಯಾನ್ಸರಿನಲ್ಲಿ ಅಂಥ ಒಂದು ಪಂಪನ್ನು ಇದೇ ತಂಡ 2016ರಲ್ಲಿ ಗುರುತಿಸಿತು. ಅದನ್ನು ತಗ್ಗಿಸಿದರೆ ಔಷಧಿ ಕೋಶದ ಒಳಗೇ ಉಳಿಯಿತು.

ಇವೆಲ್ಲ ಲ್ಯಾಬಿನ ಮಾತು. ಅಂಗಡಿಯಲ್ಲಿ ಸಿಗೋ ಮಾತ್ರೆ ಇನ್ನೂ ಆಗಿಲ್ಲ. ವರ್ಷಗಟ್ಟಲೆ ಹಿಡಿಯೋ ಕೆಲಸ ಅದು. ನಮ್ಮ ಅತ್ತೆಗೆ ಅಷ್ಟು ಕಾಲ ಇರಲಿಲ್ಲ.

ಆದರೆ ಅವರೆಕಾಳಿನಷ್ಟು ಇರುವಾಗಲೇ, ಕೋಶಗಳು ಕಳಚಿ ಹೋಗುವ ಮುಂಚೆಯೇ ಗಂಟನ್ನು ತೆಗೆಸಿದರೆ ತುಂಬಾ ಜನ ಗುಣವಾಗ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಈ ಕಾಯಿಲೆಗೆಂದೇ ಇದೆ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲ. ಯಾವುದು ಹೌದು, ಯಾವುದು ಅಲ್ಲ ಅಂತ ಪರೀಕ್ಷೆ ಮಾಡಿದರೇ ಗೊತ್ತಾಗೋದು. ಸ್ನಾನ ಮಾಡುವಾಗ ಕೈಯಾಡಿಸಿ ನೋಡಿಕೊಳ್ಳಿ. ಹೊಸ ಗಂಟು ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಕ್ಕೆ ಎಳೆದ ಹಾಗೆ ಕಂಡರೆ ಆಶಾ ಅಕ್ಕನಿಗೆ ಹೇಳಿ. ಅವರಿಗೂ ಹೇಳೋಕೆ ನಾಚಿಕೆ ಆದರೆ ನನಗೆ ಹೇಳಿ. ಹುಳುವಿಗೆ ಸೊಪ್ಪು ಹಾಕೋಕೆ ಮನೆಯಲ್ಲಿ ಯಾರಿಗಾದರೂ ಒಪ್ಪಿಸಿ ಬನ್ನಿ. ಬೆಳಗಿನ ಬಸ್ಸಿಗೆ ನಾನೂ ಜೊತೆಗೆ ಬರ್ತೀನಿ.