ನಾವು ಯಾರ ಕಣ್ಣಿನಿಂದ ಓದುತ್ತಿದ್ದೇವೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ರಕ್ತ ಪರಿಚಲನೆಯನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಇಲ್ಲಿರುವ ಪಿಯುಸಿ ವಿದ್ಯಾರ್ಥಿಗಳು ಒಂದೇ ಉಸಿರಿಗೆ ‘ವಿಲಿಯಂ ಹಾರ್ವೆ, 1628’ ಎನ್ನುತ್ತೀರಿ. ನಾನೂ ಹಾಗೆಯೇ ಬರೆದು ಅಂಕ ಪಡೆದವನು. ಆ ಉತ್ತರ ತಪ್ಪಲ್ಲ. ಆದರೆ ಅದಕ್ಕೂ ಮೊದಲಿನ ಒಂದು ಅಧ್ಯಾಯ ನಾನು ಓದಿದ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇಂದು ಅದರ ಬಗ್ಗೆಯೇ ಮಾತಾಡುತ್ತೇನೆ.

ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಒಂದು ಮಾತು ಹೇಳಿದ್ದ. ಹೃದಯದ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ರಕ್ತ ಬಲಭಾಗದಿಂದ ಎಡಭಾಗಕ್ಕೆ ಹರಿಯುತ್ತದೆ ಎಂದು. ಸಾವಿರಕ್ಕೂ ಹೆಚ್ಚು ವರ್ಷ ಜಗತ್ತು ಅದನ್ನು ನಂಬಿತು. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ನೆಲೆಸಿದ ವೈದ್ಯ ಇಬ್ನುನ್ನಫೀಸ್ ಅದನ್ನು ಒಪ್ಪಲಿಲ್ಲ. ಅವರು ಶಾಫಿಈ ಫಿಕ್‌ಹ್‌ನ ವಿದ್ವಾಂಸರೂ ಆಗಿದ್ದರು. 1242ರ ಸುಮಾರಿಗೆ, ಇಬ್ನುಸೀನಾರ ‘ಅಲ್ ಕಾನೂನ್’ ಗ್ರಂಥದ ಅಂಗರಚನಾ ಭಾಗಕ್ಕೆ ವ್ಯಾಖ್ಯಾನ ಬರೆಯುತ್ತಾ, ಆ ಗೋಡೆಯಲ್ಲಿ ಯಾವ ರಂಧ್ರವೂ ಇಲ್ಲ, ರಕ್ತವು ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಡನೆ ಬೆರೆತು ಎಡಭಾಗಕ್ಕೆ ಬರುತ್ತದೆ ಎಂದು ಅವರು ವಿವರಿಸಿದರು. ಹಾರ್ವೆಗಿಂತ ಸುಮಾರು 385 ವರ್ಷಗಳ ಹಿಂದೆ!

ಆಮೇಲೆ ಆ ಮಾತು ಮರೆತುಹೋಯಿತು. ಅದನ್ನು ಮರೆತವರು ಯುರೋಪಿನವರು ಮಾತ್ರವಲ್ಲ, ನಾವೂ ಮರೆತೆವು. 1924ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಈಜಿಪ್ಟಿನ ವಿದ್ಯಾರ್ಥಿ ಮುಹ್ಯಿದ್ದೀನ್ ಅತ್ತತಾವಿಯವರು ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಇದನ್ನು ಓದಿ ತಮ್ಮ ಪ್ರಬಂಧದಲ್ಲಿ ಬರೆದರು. ಅವರ ಪ್ರಾಧ್ಯಾಪಕರು ಬೆರಗಾದರು. ಅರಬಿ ಬಾರದ ಅವರು ಪ್ರಬಂಧವನ್ನು ಕೈರೋದಲ್ಲಿದ್ದ ಜರ್ಮನ್ ವೈದ್ಯ ಮ್ಯಾಕ್ಸ್ ಮೇಯರ್‌ಹಾಫ್‌ಗೆ ಕಳಿಸಿದರು. ಮೇಯರ್‌ಹಾಫ್ ಮೂಲವನ್ನು ಪರಿಶೀಲಿಸಿ ನಿಜವೆಂದು ದೃಢಪಡಿಸಿ, ಜಗತ್ತಿಗೆ ತಿಳಿಸಿದರು.

ಈ ಕಥೆಯನ್ನು ನಾನು ಹಲವು ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಒಮ್ಮೆ ಸಭೆ ಮುಗಿದ ಮೇಲೆ ಒಬ್ಬಳು ವಿದ್ಯಾರ್ಥಿನಿ ಬಂದು, “ಸರ್, ಆ ಕಿತಾಬನ್ನು ನೀವು ಓದಿದ್ದೀರಾ?” ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಬಾಲ್ಯದಿಂದ ಕುರ್‌ಆನ್ ಪಾರಾಯಣ ಮಾಡಿದವನು ನಾನು. ಆದರೆ ಒಂದು ಅರಬಿ ವಾಕ್ಯವನ್ನು ಬಿಡಿಸಿ ಅರ್ಥ ಮಾಡಿಕೊಳ್ಳಲು ನನಗೆ ಬಾರದು. ಇಬ್ನುನ್ನಫೀಸರ ಬಗ್ಗೆ ನಾನು ತಿಳಿದದ್ದೆಲ್ಲ ಇಂಗ್ಲಿಷ್ ಪುಸ್ತಕಗಳಿಂದ. ಯುರೋಪ್ ಕೇಂದ್ರಿತ ಚಿಂತನೆಯನ್ನು ಖಂಡಿಸಲೂ ನನಗೆ ಯುರೋಪಿನ ಪುಸ್ತಕವೇ ಬೇಕಾಗಿತ್ತು!

ದಾಸ್ಯದ ಎರಡು ಮುಖಗಳು

1835ರಲ್ಲಿ ಮೆಕಾಲೆ ತನ್ನ ಟಿಪ್ಪಣಿಯಲ್ಲಿ, ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯ ಯುರೋಪಿನ ಪುಸ್ತಕಗಳ ಒಂದು ಸಾಲಿಗೂ ಸಮವಲ್ಲ ಎಂಬಂತೆ ವಾದಿಸಿದ. ತನಗೆ ಸಂಸ್ಕೃತವಾಗಲಿ ಅರಬಿಯಾಗಲಿ ಬಾರದು ಎಂದೂ ಅದೇ ಟಿಪ್ಪಣಿಯಲ್ಲಿ ಒಪ್ಪಿಕೊಂಡ. ಓದದೆ ತೀರ್ಪು ಕೊಟ್ಟದ್ದು ಅವನ ತಪ್ಪು. ಓದದೆ ಹೆಮ್ಮೆಪಡುವುದು ನಮ್ಮ ತಪ್ಪು. ಇವೆರಡರ ನಡುವೆ ಎಷ್ಟು ಅಂತರವಿದೆ, ನೀವೇ ಹೇಳಿ.

ಮಲೇಷ್ಯಾದ ಸಮಾಜಶಾಸ್ತ್ರಜ್ಞ ಸೈಯದ್ ಹುಸೈನ್ ಅಲತ್ತಾಸ್ 1970ರ ದಶಕದಲ್ಲಿ ‘ಸೆರೆಸಿಕ್ಕ ಮನಸ್ಸು’ ಎಂಬ ವಿಚಾರವನ್ನು ಮುಂದಿಟ್ಟರು. ಅನ್ಯರ ಉತ್ತರಗಳನ್ನು ನಕಲು ಮಾಡುವುದಷ್ಟೇ ಅಲ್ಲ, ಸ್ವಂತ ಪ್ರಶ್ನೆಯನ್ನೇ ಕೇಳಲಾಗದಿರುವುದು ಅದರ ಲಕ್ಷಣ. ಹಾಗೆಂದು ಅವರು ಪಾಶ್ಚಾತ್ಯ ಜ್ಞಾನವನ್ನು ದೂರವಿಡಿ ಎನ್ನಲಿಲ್ಲ. ಅದನ್ನು ಕಲಿಯಿರಿ, ಆದರೆ ವಿಮರ್ಶಿಸಿ ತೆಗೆದುಕೊಳ್ಳಿ ಎಂಬುದು ಅವರ ನಿಲುವು.

ನಮ್ಮ ಮನೆಗಳನ್ನೇ ನೋಡಿ. ಸಮಾಜಶಾಸ್ತ್ರದ ಪುಸ್ತಕದಲ್ಲಿ ಅವಿಭಕ್ತ ಕುಟುಂಬ, ವಿಭಕ್ತ ಕುಟುಂಬ ಎಂದು ಓದುತ್ತೀರಿ. ಆದರೆ ತಂದೆ ಗಲ್ಫ್‌ನಲ್ಲಿ, ಇಲ್ಲಿ ಬ್ಯಾಂಕು, ಶಾಲೆ, ಮದುವೆ ಮಾತುಕತೆ ಎಲ್ಲವನ್ನೂ ಒಬ್ಬಳೇ ನಿಭಾಯಿಸುವ ಉಮ್ಮ; ಈ ಕುಟುಂಬಕ್ಕೆ ಯಾವ ಹೆಸರು? ನಿಮ್ಮಲ್ಲಿ ಎಷ್ಟೋ ಮಂದಿ ಇಂತಹ ಮನೆಯಲ್ಲೇ ಬೆಳೆದವರು. ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ಮಾತ್ರ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ!

ನಮ್ಮ ಮುಂದಿರುವ ಕೆಲಸ

ವಿಜಾಪುರದ ಆಸಾರ್ ಮಹಲ್‌ನಲ್ಲಿದ್ದ ಹಸ್ತಪ್ರತಿಗಳು 19ನೇ ಶತಮಾನದಲ್ಲಿ ಲಂಡನ್ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪು ಸುಲ್ತಾನರ ಗ್ರಂಥಾಲಯದ ಸುಮಾರು 2,000 ಸಂಪುಟಗಳು ಬ್ರಿಟಿಷರ ಪಾಲಾದವು. ಚಾರ್ಲ್ಸ್ ಸ್ಟುವರ್ಟ್ ಅವುಗಳ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದ. ಒಯ್ದದ್ದು ಅನ್ಯಾಯ, ನಿಜ. ಆದರೆ ನಾಳೆ ಅವೆಲ್ಲ ಮರಳಿ ಬಂದರೆ ಓದುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? ಅರಬಿ, ಪಾರ್ಸಿ, ದಖ್ಖನಿ ಬಲ್ಲ ಯುವಕ ಯುವತಿಯರನ್ನು ನಾವು ಬೆಳೆಸಿದ್ದೇವೆಯೇ? ಡಾಕ್ಟರ್, ಇಂಜಿನಿಯರ್ ಆಗುವವರಿಗೆ ವಿದ್ಯಾರ್ಥಿವೇತನ ಕೊಡುತ್ತೇವೆ, ಕೊಡಲೇಬೇಕು. ಭಾಷೆ, ಇತಿಹಾಸ ಓದಲು ಹೊರಟ ಮಗುವಿಗೆ ಮಾತ್ರ “ಅದರಿಂದೇನು ಪ್ರಯೋಜನ?” ಎಂದು ಕೇಳುತ್ತೇವೆ. ಪ್ರತಿ ವರ್ಷ ಇಂತಹ ಒಬ್ಬ ವಿದ್ಯಾರ್ಥಿಯ ಸಂಪೂರ್ಣ ಹೊಣೆಯನ್ನಾದರೂ ಸಂಘ ಹೊರಬೇಕೆಂದು ಹಿರಿಯರಲ್ಲಿ ನನ್ನ ವಿನಂತಿ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ವೈಚಾರಿಕ ಸ್ವಾತಂತ್ರ್ಯವೆಂದರೆ ಎಲ್ಲವೂ ನಮ್ಮವರಿಂದಲೇ ಆಯಿತು ಎಂಬ ಬಡಾಯಿಯಲ್ಲ. ಇಬ್ನುನ್ನಫೀಸ್ ವಿವರಿಸಿದ್ದು ಹೃದಯ ಮತ್ತು ಶ್ವಾಸಕೋಶಗಳ ನಡುವಿನ ದಾರಿಯನ್ನು. ಇಡೀ ದೇಹದಲ್ಲಿ ರಕ್ತ ಸುತ್ತುತ್ತದೆ ಎಂಬುದನ್ನು ಪ್ರಯೋಗ ಮತ್ತು ಲೆಕ್ಕದ ಮೂಲಕ ತೋರಿಸಿದವರು ಹಾರ್ವೆಯೇ. ಒಬ್ಬರ ಹಕ್ಕನ್ನು ಮರಳಿಸಲು ಇನ್ನೊಬ್ಬರ ಹಕ್ಕನ್ನು ಕಸಿಯಬೇಕಿಲ್ಲ. ಜರ್ಮನ್ನರಾದ ಮೇಯರ್‌ಹಾಫ್ ನಡೆದುಕೊಂಡ ರೀತಿಯನ್ನೂ ನೆನಪಿಡಿ.

ಇನ್ನೂ ಒಂದು ವಿಷಯ ಗಮನಿಸಿ. ಇಬ್ನುನ್ನಫೀಸ್ ಗ್ಯಾಲೆನ್‌ನನ್ನು ಮಾತ್ರವಲ್ಲ, ತಾವು ಗೌರವಿಸುತ್ತಿದ್ದ ಇಬ್ನುಸೀನಾರನ್ನೂ ಪ್ರಶ್ನಿಸಿದರು. ಗೌರವ ಮತ್ತು ಪ್ರಶ್ನೆ ಅವರಲ್ಲಿ ಜೊತೆಯಾಗಿದ್ದವು. ಹೊರಗಿನವರನ್ನು ಪ್ರಶ್ನಿಸುವುದು ಸುಲಭ, ನಮ್ಮವರನ್ನು ಪ್ರಶ್ನಿಸಲು ಹೆಚ್ಚಿನ ಧೈರ್ಯ ಬೇಕು. ಅವರ ಹೆಸರನ್ನು ಭಾಷಣಗಳಲ್ಲಿ ಹೇಳುವುದಕ್ಕಿಂತ ಆ ಗುಣವನ್ನು ಬೆಳೆಸಿಕೊಳ್ಳುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.

ಅಂದು ಪ್ರಶ್ನೆ ಕೇಳಿದ ಆ ಹುಡುಗಿಗೆ ನಾನು ಋಣಿ. ಈ ವಯಸ್ಸಿನಲ್ಲಿ ಅರಬಿ ವ್ಯಾಕರಣದ ಮೊದಲ ಪುಸ್ತಕ ಹಿಡಿದು ಕೂತಿದ್ದೇನೆ. ನೀವಾದರೋ ಇನ್ನೂ ಚಿಕ್ಕವರು. ಇಂದೇ ಆರಂಭಿಸಿ.