ಹಳೆಯ ಕಾರ್ನೆಟ್ಟಿನ ಶ್ರುತಿ

ಹಿತ್ತಾಳೆಯ ಕಾರ್ನೆಟ್ ನೋಡಲು ಟ್ರಂಪೆಟ್ಟಿನ ಗಿಡ್ಡ ತಮ್ಮನಂತಿದೆ. ಸುರುಳಿ ಬಿಡಿಸಿ ಅಳೆದರೆ ಎರಡರ ಕೊಳವೆಯೂ ಸುಮಾರು ನಾಲ್ಕೂವರೆ ಅಡಿಯೇ. ಆದರೆ ಕಾರ್ನೆಟ್ಟಿನದು ಊದುವ ತುದಿಯಿಂದ ಹೊರಬಾಯಿಯತ್ತ ಮೆಲ್ಲಗೆ ಅಗಲವಾಗುತ್ತ ಹೋಗುತ್ತದೆ. ಅದಕ್ಕೇ ದನಿ ಮೆದು. 1820ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಅಂಚೆಯವರ ಕೊಂಬಿಗೆ ವಾಲ್ವ್ ಜೋಡಿಸಿದಾಗ ಹುಟ್ಟಿದ ವಾದ್ಯವಿದು.

ಹಳೆಯ ಕಾರ್ನೆಟ್ ಕೂಡಿಡುವವರಿಗೆ ಒಂದು ತೊಡಕು ಕಾದಿರುತ್ತದೆ. ಇಂದು ‘ಎ’ ಸ್ವರಕ್ಕೆ 440 ಹರ್ಟ್ಸ್. ಇಂಗ್ಲೆಂಡಿನ ಬ್ರಾಸ್ ಬ್ಯಾಂಡುಗಳದು 1960ರ ದಶಕದವರೆಗೂ 452ರ ಆಸುಪಾಸು. ಅಂಥ ವಾದ್ಯ ಪಿಯಾನೋ ಜೊತೆ ಕೂಡುವುದೇ ಇಲ್ಲ. ಶ್ರುತಿ ಇಳಿಸಲು ಜಾರುಕೊಳವೆಯನ್ನು ಹೊರಗೆಳೆಯಬಹುದು, ನಿಜ. ಆದರೆ ವಾಲ್ವುಗಳ ಕೊಳವೆಗಳನ್ನೂ ಅದಕ್ಕೆ ತಕ್ಕಂತೆ ಎಳೆಯದಿದ್ದರೆ ಸ್ವರಗಳ ನಡುವಿನ ಅಂತರ ಕೆಡುತ್ತದೆ. ಕೆಲವರು ಹೆಚ್ಚುವರಿ ಕೊಳವೆ ಬೆಸೆಸಿಬಿಡುತ್ತಾರೆ. ನನಗಂತೂ ಅದು ಒಪ್ಪಿಗೆಯಿಲ್ಲ. ಹಳೆಯವೆರಡು ಸಿಕ್ಕರೆ ಅವೇ ಜೋಡಿಯಾಗಿ ನುಡಿಯಲಿ, ಪಿಯಾನೋ ಪಕ್ಕಕ್ಕಿರಲಿ!

ಎರಡು ಕಾರ್ನೆಟ್ ಕೂಡಿದರೆ ಏನಾಗುತ್ತದೆಂದು ತಿಳಿಯಬೇಕೆ? 1923ರಲ್ಲಿ ಜಾಝ್ ವಾದಕ ಕಿಂಗ್ ಆಲಿವರ್ ತಮ್ಮ ತಂಡದ ಧ್ವನಿಮುದ್ರಣಗಳಲ್ಲಿ ಎರಡನೆಯ ಕಾರ್ನೆಟ್ಟನ್ನು ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಕೈಗೆ ಕೊಟ್ಟಿದ್ದರು. ಬಿಡುವಾದಾಗ ಹುಡುಕಿ ಕೇಳಿ.